ಮೇಷ್ಟ್ರ ಹೆಸರಿನ ಚೀಟಿ

...ನಗಬೇಡಿ ಮೇಷ್ಟ್ರೇ, ಮೊದಲು ನಗೋದು ನಿಲ್ಲಿಸಿ! ನಾಲ್ಕು ಗಂಟೆಗೆ ಅವರೆಲ್ಲ ಬಂದಾಗ ನೀವು ಹಿಂಗೆ ಹಲ್ಲು ಕಿರೀತಾ ಕೂತಿದ್ರೆ ಈ ಎಸ್ತೇರಮ್ಮನ ಮಾನ ನಜರ್‌ಬಾದ್ ಪೂರ್ತಿ ಹರಾಜಾಗೋಗುತ್ತೆ.

ಯಾರು ಬರ್ತಾರಾ? ಹೇಳಿದ್ನಲ್ಲ, ನಮ್ಮ ಚರ್ಚಿನ ಪ್ರಾರ್ಥನಾ ಕೂಟದ ಹೆಂಗಸರು, ಏಳು ಜನ. ಪ್ರತಿ ಗುರುವಾರ ಸೇರ್ತೀವಿ. ನಿರೀಕ್ಷೆಯೇ ಇಲ್ಲದೆ ಬದುಕ್ತಿರೋರ ಹೆಸರು ಚೀಟೀಲಿ ಬರೆದು ಡಬ್ಬಿಗೆ ಹಾಕಬೇಕು, ಆಮೇಲೆ ಎಲ್ಲರೂ ಮಂಡಿಯೂರಿ ಅವರಿಗೋಸ್ಕರ ಪ್ರಾರ್ಥನೆ. ನನ್ನ ಹತ್ರ ಹೆಸರೇ ಖಾಲಿ ಆಗೋಗಿತ್ತು ಕಣ್ರೀ! ಹಾಲು ಹಾಕೋ ಮಹದೇವು ಕುಡಿಯೋದು ಬಿಟ್ಟ, ಎದುರುಮನೆ ಲಹರಿಗೆ ಮದುವೆ ಗೊತ್ತಾಯ್ತು... ಎಲ್ರಿಗೂ ಒಳ್ಳೇದಾಗ್ಬುಟ್ಟಿದೆ! ಬರಿಗೈಲಿ ಹೋದ್ರೆ ನಮ್ಮ ಜ್ಞಾನಮಣಕ್ಕ ಕನ್ನಡಕದ ಮೇಲಿಂದ ನೋಡ್ತಾರೆ. ಅದಕ್ಕೇ... ಪಕ್ಕದ್ಮನೆಯವರಲ್ವಾ, ಏನೂ ಅಂದ್ಕೊಳ್ಳಲ್ಲ ಅಂತ... ನಿಮ್ಮ ಹೆಸರು ಬರೆದ್ಬುಟ್ಟೆ. ಷಡಕ್ಷರಿ, ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ನಿರೀಕ್ಷೆ ಇಲ್ಲ.

ಈಗ ನೋಡಿದ್ರೆ ಜ್ಞಾನಮಣಕ್ಕ, ‘ಪಾಪ, ಅವರ ಮನೆಗೇ ಹೋಗಿ ದೇವರು ನಮಗೆ ಮಾಡಿದ ಒಳ್ಳೇದರ ಬಗ್ಗೆ ಎರಡು ಮಾತು ಸಾಕ್ಷಿ ಹೇಳಿ ಬರೋಣ’ ಅಂತ ಎಲ್ಲರನ್ನೂ ಹೊರಡಿಸ್ಬುಟ್ಟಿದಾರೆ!

ಆ ಕೋಡುಬಳೆ ಕೆಳಗಿಡಿ! ಊಟ ಬಿಟ್ಟಿದಾರೆ ಅಂತ ಹೇಳಿದೀನಿ ನಾನು. ಹೂಂ, ನೀವೇ! ಗೊತ್ತು ಕಣ್ರೀ, ಬೆಳಗ್ಗೆ ಜಗಲೀಲಿ ಕೂತು ಒಂಬತ್ತು ಇಡ್ಲಿ ತಿಂದದ್ದು ಕಾಂಪೌಂಡ್ ಆಚೆಯಿಂದ ನೋಡಿದೀನಿ.

ಇಲ್ಲಪ್ಪಾ, ನಿಮ್ಮ ಲಿಂಗಪೂಜೆ ತಂಟೆಗೆ ಯಾರೂ ಬರಲ್ಲ. ವಿಭೂತಿನೂ ಇರ್ಲಿ. ಮುಖ ಮಾತ್ರ ಒಂಚೂರು ಸಪ್ಪಗೆ ಮಾಡ್ಕೊಳ್ಳಿ. ಹಾಂ... ಅಯ್ಯೋ, ಅದು ಹೊಟ್ಟೆನೋವಿನ ಮುಖ! ಇನ್ನೊಂದು ಸಲ... ಅದು ಸಾಲ ಕೇಳೋಕೆ ಬಂದೋರ ಮುಖ! ಕರ್ತನೇ, ಅಷ್ಟು ವರ್ಷ ಮಕ್ಕಳಿಗೆ ಮುಖ ಬರೆಯೋದು ಕಲಿಸಿದೋರಿಗೆ ತಮ್ಮದೊಂದು ಬರಲ್ವಲ್ಲ!

ನಿಮ್ಮ ಹೆಂಡ್ತಿ ಪ್ರೇಮಲೀಲಾ ಅವ್ರೆಲ್ಲಿ? ಚಾಮುಂಡಿ ಬೆಟ್ಟಕ್ಕಾ? ಸದ್ಯ! ಬರೋದು ಎಷ್ಟೊತ್ತಿಗೆ... ಐದಕ್ಕಾ? ಮುಂಚೆ ಬಂದ್ರೆ ಹಿತ್ತಿಲ ಬಾಗಿಲಿಂದ ಬನ್ನಿ ಅಂತ ಫೋನ್ ಮಾಡಿ ಹೇಳ್ಬುಡಿ. ಯಾಕಂದ್ರೆ... ಕೋಪ ಮಾಡ್ಕೋಬೇಡಿ ಮತ್ತೆ... ಅವರು ತೀರ್ಕೊಂಡಿದಾರೆ.

ಅಯ್ಯಯ್ಯೋ, ಕೂತ್ಕೊಳ್ಳಿ, ಕೂತ್ಕೊಳ್ಳಿ! ಬರೀ ಕೂಟದಲ್ಲಿ ಮಾತ್ರ! ಆಯಮ್ಮ ನೂರು ವರ್ಷ ಬಾಳಲಿ ಅಂತ ಅವತ್ತೇ ಮನೇಲಿ ಬೇರೆ ಪ್ರಾರ್ಥನೆ ಮಾಡಿದೀನಿ, ಸರಿಹೋಗ್ಲಿ ಅಂತ. ಏನ್ಮಾಡ್ಲಿ, ಜ್ಞಾನಮಣಕ್ಕ ಬರೀ ಹೆಸರಿಗೆ ಒಪ್ಪಲ್ಲ. ‘ಕಷ್ಟ ಏನು, ಬಿಡಿಸಿ ಹೇಳಮ್ಮ, ದೇವರಿಗೆ ಗೊತ್ತಾಗಬೇಕಲ್ಲ’ ಅಂತಾರೆ. ದೇವರಿಗೆ ಗೊತ್ತಿರಲ್ವಾ! ಅವರಿಗೆ ಗೊತ್ತಾಗಬೇಕು, ಅಷ್ಟೇ. ನಾನೂ ಬಾಯಿ ತೆಗೆದೆ ನೋಡಿ... ನಿಲ್ಲಲೇ ಇಲ್ಲ.

ಸರಿಯಾಗಿ ಕೇಳಿಸ್ಕೊಳ್ಳಿ, ಅವರು ಕೇಳಿದ್ರೆ ಹಂಗಂಗೇ ಹೇಳಬೇಕು. ಅವರು ಹೋಗಿ ಎಂಟು ತಿಂಗಳಾಯ್ತು. ಈಗಲೂ ಎರಡು ಲೋಟ ಕಾಫಿ ಬೆರೆಸ್ತೀರಿ, ಒಂದು ತಣ್ಣಗಾದ ಮೇಲೆ ಬಚ್ಚಲಿಗೆ ಸುರೀತೀರಿ. ಚಪ್ಪಲಿ ಬಾಗಿಲಲ್ಲೇ ಇದೆ, ತೆಗೆದಿಡೋಕೆ ಕೈ ಬರಲ್ಲ. ಗೇಟು ಸದ್ದಾದ್ರೆ ಇನ್ನೂ ಎದ್ದು ನೋಡ್ತೀರಿ. ಆಸ್ಪತ್ರೇಲಿ ಮಲಗಿದ್ದಾಗ ಚರ್ಚಲ್ಲಿ ಎಲ್ರ ಮುಂದೆ ಎದ್ದು ನಿಂತು, ‘ದೇವರು ಎಬ್ಬಿಸಿ ಕಳಿಸ್ತಾನೆ, ನನಗೆ ಗೊತ್ತು’ ಅಂತ ಸಾಕ್ಷಿ ಹೇಳ್ಬುಟ್ಟು, ಆಮೇಲೆ... ಆಮೇಲೆ ಮಂಡಿಯೂರಿದ್ರೆ ಊರೋರ ಹೆಸರೆಲ್ಲ ಬರುತ್ತೆ, ತನಗೆ ಅಂತ ಒಂದು ಮಾತೂ ಹೊರಡಲ್ಲ...

ಯಾಕ್ರೀ? ನಗ್ರೀ ಈಗ. ಅವರಿನ್ನೂ ಬಂದಿಲ್ಲ, ನಗಬಹುದು.

ಮೇಷ್ಟ್ರೇ?

ಹಂಗೆ ನೋಡಬೇಡಿ. ಗೊತ್ತಾಯ್ತು, ನೀವು ಯಾವ ಚರ್ಚಲ್ಲಿ ಎದ್ದು ಸಾಕ್ಷಿ ಹೇಳ್ತೀರಿ... ಅದೊಂದನ್ನ ಕೂಟದಲ್ಲಿ ಹೇಳಿರ್ಲಿಲ್ಲ. ಈಗ್ಲೇ ಬಾಯಿಗೆ ಬಂದ್ಬುಡ್ತು. ನಮ್ಮನೆಯವರನ್ನ ಮಣ್ಣು ಮಾಡೋವಾಗ ನೀವೂ ಬಂದಿದ್ರಿ, ಛತ್ರಿ ಹಿಡ್ಕೊಂಡು ನನ್ನ ಪಕ್ಕದಲ್ಲೇ ನಿಂತಿದ್ರಿ. ನಿಮಗೆ ತಿಂಗಳು ಲೆಕ್ಕ ಹಾಕೋಕೆ ಬರಲ್ವಾ...

ಕೂಟದಲ್ಲಿ ಎಲ್ರಿಗೂ ಧೈರ್ಯ ಹೇಳೋಳು ನಾನು ಮೇಷ್ಟ್ರೇ. ನನ್ನ ಹೆಸರು ನಾನೇ ಹೆಂಗೆ ಬರೀಲಿ? ನಾಚಿಕೆ ಆಗೋಯ್ತು.

ಕಣ್ಣು ಒರೆಸ್ಕೋಬೇಡಿ... ನೋಡಿ, ಈಗ ಬಂತು ಸರಿಯಾದ ಮುಖ! ಇಷ್ಟೊತ್ತು ಬಡ್ಕೊಂಡೆ, ಬರಲಿಲ್ಲ, ಈಗ ಬಂದಿದೆ!

ಬೆಲ್ಲು... ಬಂದ್ರು. ಇಲ್ಲ, ನೀವು ಏಳಬೇಡಿ, ನಾನೇ ಬಾಗಿಲು ತೆಗೀತೀನಿ. ಯಾಕೆ ತಡೀತೀರಿ? ಏನೂ ಆಗಲ್ಲ ಬಿಡಿ.

ಬನ್ನಿ ಜ್ಞಾನಮಣಕ್ಕ, ದೇವರಿಗೆ ಸ್ತೋತ್ರ... ಎಲ್ರೂ ಬನ್ನಿ ಒಳಗೆ. ಮೇಷ್ಟ್ರಿಗೇನೂ ಆಗಿಲ್ಲ, ಅವರ ಹೆಂಡ್ತಿನೂ ಗಟ್ಟಿಮುಟ್ಟಾಗಿದಾರೆ. ನಾನು ಹೇಳಿದ ಕಷ್ಟ ಮಾತ್ರ ನಿಜ ಕಣಕ್ಕ. ಚೀಟೀಲಿ ನನ್ನ ಹೆಸರು ಬರ್ಕೊಳ್ಳಿ.