ಒಂದು ಗೇಣು ಬಾಲ

ಅಯ್ಯೋ, ಅಷ್ಟು ಬೇಗ ಪಕ್ಕಕ್ಕಿಡ್ಬೇಡಿ ಗುರುಗಳೇ! ಸರಿಯಾಗಿ ನೋಡಿ. ಇರಿ, ಕಿಟಕಿ ಕಡೆ ಹಿಡೀತೀನಿ, ಬೆಳಕು ಬೀಳ್ಲಿ. ಕಣ್ಣಾಸ್ಪತ್ರೆ ಬೋರ್ಡಿನ ನಮೂನೆ ಇದು. ನಾಳೆ ಮೂರನೇ ಮಹಡಿ ಗೋಡೆ ಮೇಲೆ ಇದನ್ನೇ ದೊಡ್ಡದಾಗಿ ಬರೀಬೇಕು. ನೀವು ಹಾಸಿಗೆ ಹಿಡಿದ್ಮೇಲೆ ನಾನು ತಾರಸಿಯಿಂದ ಹಗ್ಗದಲ್ಲಿ ಹಲಗೆ ಇಳಿಬಿಟ್ಟು, ಒಬ್ಬನೇ ಕೂತು ಬರೆಯೋ ಮೊದಲನೇ ಬೋರ್ಡು...

ಯಾಕೆ ನಗ್ತೀರಿ? ಕಣ್ಣಾಸ್ಪತ್ರೆಗೇ ಸೊಟ್ಟ ಅಕ್ಷರ ಅಂತಾನಾ? ಎಲ್ಲಿ? ಬೆರಳಿಟ್ಟು ತೋರಿಸಿ... ಓ. ಆ ತಲೆಕಟ್ಟು. ಹೌದು, ಒಂದು ಕೂದಲೆಳೆ ಮೇಲೆ ಹೋಗಿದೆ. ಹದ್ದಿನ ಕಣ್ಣಪ್ಪಾ ನಿಮ್ದು! ತಿದ್ತೀನಿ, ಇವತ್ತೇ ತಿದ್ತೀನಿ.

ಬಾಯಿಬಿಟ್ಟೇ ಹೇಳಬಹುದಿತ್ತಲ್ಲ? ಮೊದಲ ವರ್ಷ ಎಷ್ಟು ಬೈತಿದ್ರಿ! ‘ಲೇ, ಈ ಅಕ್ಷರಕ್ಕೆ ಹೊಟ್ಟೆನೋವೇನೋ, ಹೀಗೆ ಬಗ್ಗಿದೆ?’ ಅಂತ ನಡುಬೀದೀಲಿ ಕೂಗಿದ್ರಿ. ಬಸ್ಸಿಗೆ ಕಾಯ್ತಿದ್ದವರೆಲ್ಲ ಹಲ್ಲು ಕಿಸಿದ್ರು. ಹನ್ನೊಂದು ಸಲ ಅಳಿಸಿ ಬರೆಸಿದ್ರಿ. ಅಷ್ಟು ಮೇಲಿರೋದನ್ನ ಯಾರು ನೋಡ್ತಾರೆ ಅಂದಿದ್ದಕ್ಕೆ, ‘ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಕಣೋ’ ಅಂದ್ರಿ. ಮೈಯೆಲ್ಲ ಉರಿದುಹೋಗಿತ್ತು ನಂಗೆ. ಆದ್ರೆ ಹನ್ನೆರಡನೇ ಸಲ ‘ಹೂಂ’ ಅಂದ್ರಲ್ಲ... ಆ ಒಂದು ‘ಹೂಂ’ಗೆ ಊಟ ಮರೆತು ಓಡಾಡಿದ್ದೆ ಅವತ್ತು.

ಈಗ ಮೂರು ತಿಂಗಳಾಯ್ತು. ಮನೇಲಿ ಅಮ್ಮಾವ್ರ ಹತ್ರ ಮಾತಾಡ್ತೀರಿ, ಹಾಲಿನವನ ಹತ್ರ ಹರಟೆ ಹೊಡೀತೀರಿ. ಈಗಷ್ಟೇ ಮೆಟ್ಟಿಲು ಹತ್ತುವಾಗ ನಿಮ್ಮ ಧ್ವನಿ ಕೇಳಿಸ್ತು ಗುರುಗಳೇ! ನಾನು ಹೊಸಿಲು ದಾಟಿದ್ರೆ ಮಾತ್ರ ಬಾಯಿಗೆ ಬೀಗ. ನಾನೇನ್ಮಾಡ್ದೆ? ಬೈಯೋಕಾದ್ರೂ ಬಾಯಿ ತೆಗೀರಿ...

ಹಾಗೆ ನೋಡ್ಬೇಡಿ.

ಓ, ಹೆಗಲ ಮೇಲಿನ ಹಗ್ಗ ನೋಡ್ತಿದ್ದೀರಾ? ಹೊಸದು. ಆ ಹಾಳು ಹಗ್ಗದ ಸಹವಾಸ ಸಾಕು. ಎಲ್ಲರಿಗೂ ಹೇಳಿದ್ನಲ್ಲ, ಹಳೇದು, ಬಿಸಿಲಿಗೆ ಲಡ್ಡಾಗಿತ್ತು, ಪಟ್ ಅಂತ ಹರೀತು, ನೀವು ಬಿದ್ದಿದ್ದು ಅದಕ್ಕೇ ಅಂತ. ನೀವೂ ಆಸ್ಪತ್ರೆಲಿ ಅದನ್ನೇ ಹೇಳಿದ್ರಂತೆ, ‘ಹಗ್ಗದ್ದು ತಪ್ಪು, ಶಿಷ್ಯಂದಲ್ಲ’ ಅಂತ. ಅದನ್ನ ಕೇಳಿದಾಗಿಂದ ನಂಗೆ ನಿದ್ದೆ ಇಲ್ಲ... ಅಂದ್ರೆ, ನಿಮ್ಮ ಕಾಲಿನ ಚಿಂತೆಗೆ. ಬೇರೇನಿಲ್ಲ.

ಇಲ್ಲ, ಇನ್ನೊಂದಿದೆ. ನಗ್ಬೇಡಿ. ಹಗ್ಗ ಕೈಗೆ ತಗೊಂಡ್ರೆ ಸಾಕು, ಕೆಳಗಡೆಯಿಂದ ನಿಮ್ಮ ಧ್ವನಿ ಬರುತ್ತೆ. ‘ಗೇಣು ಇದೆಯೇನೋ?’ ನೆನ್ನೆ ತಾರಸಿ ಮೇಲೆ ಕೇಳಿಸ್ತು. ತಿರುಗಿ ನೋಡ್ದೆ, ಯಾರಿದ್ದಾರೆ! ನೀವೇ ಮಾಡಿದ ಪದ್ಧತಿ ಅಲ್ವಾ ಅದು? ನಾನು ತಾರಸಿ ಕಂಬಿಗೆ ಗಂಟು ಹಾಕಿ, ಅದು ಜಾರ್ದೇ ಇರ್ಲಿ ಅಂತ ಗಂಟು ದಾಟಿ ಹಗ್ಗದ ತುದೀಲಿ ಒಂದು ಗೇಣು ಬಾಲ ಬಿಡ್ಬೇಕು. ನೀವು ಕಿಟಕೀಲಿ ನಿಂತು ‘ಗೇಣು ಇದೆಯೇನೋ?’ ಅಂತ ಕೇಳ್ಬೇಕು. ನಾನು ‘ಇದೆ’ ಅಂದ ಮೇಲೇ ನಿಮ್ಮ ಕಾಲು ಹಲಗೆ ಮೇಲೆ. ಒಂಬತ್ತು ವರ್ಷ, ಒಂದು ದಿನಾನೂ ಕೇಳದೆ ಇಳಿದವರಲ್ಲ ನೀವು.

ಏನು ಎಳೀತಿದ್ದೀರಿ ಮಂಚದ ಕೆಳಗಿಂದ? ಬಗ್ಬೇಡಿ, ಸೊಂಟ... ಇರಿ, ನಾನು ತೆಗೀತೀನಿ.

ಇದು...

ಅವತ್ತಿನ ಹಗ್ಗ! ಇದು ಇಲ್ಲಿಗೆ ಹೇಗೆ ಬಂತು? ಅಮ್ಮಾವ್ರು ಎತ್ತಿಟ್ಟಿದ್ರಾ? ಜನ ನಿಮ್ಮನ್ನ ಗಾಡಿಗೆ ಎತ್ತುವಾಗ ನಾನು ಇದಕ್ಕೋಸ್ಕರ ಬೀದಿಯೆಲ್ಲ ಹುಡುಕ್ತಿದ್ದೆ... ಅಯ್ಯೋ, ಏನಂದೆ ನಾನು.

ಯಾಕೆ ತುದಿ ಕೊಡ್ತೀರಿ ಕೈಗೆ? ಗೊತ್ತು. ಎಳೆ ಬಿಚ್ಚಬಾರ್ದು ಅಂತ ನೀವೇ ಸುತ್ತಿದ ಹಳದಿ ದಾರ. ಈ ತುದೀಲೂ ಇದೆ. ಆ ತುದೀಲೂ ಇದೆ. ನಡುವೆ ಎಲ್ಲೂ... ಹೌದು. ಎಲ್ಲೂ ಹರಿದಿಲ್ಲ.

ಅಂದ್ರೆ ನಿಮಗೆ ಮೊದಲ ದಿನದಿಂದ ಗೊತ್ತು.

ಅವತ್ತು ಕಂಬಿ ದಪ್ಪ ಇತ್ತು ಗುರುಗಳೇ, ಹಗ್ಗ ಸಾಲಲಿಲ್ಲ. ಉದ್ದದ್ದು ಕೆಳಗೆ ಗಾಡೀಲಿತ್ತು. ನಾಲ್ಕು ಮಹಡಿ ಇಳಿದು ಹತ್ಬೇಕಲ್ಲ ಅಂತ ಸೋಮಾರಿತನ. ನಾನು ಕೆಡಿಸಿದ್ದ ಒಂದು ತಲೆಕಟ್ಟು ತಿದ್ದೋಕೆ ನೀವು ಇಳೀತಿದ್ದಿದ್ದು, ಐದು ನಿಮಿಷದ ಕೆಲಸ, ಅಷ್ಟಕ್ಕೇನಾಗುತ್ತೆ ಅಂದ್ಕೊಂಡೆ. ಬಾಲ ನಾಲ್ಕೇ ಬೆರಳು ಬಿಟ್ಟೆ. ನೀವು ಕೇಳಿದ್ರಿ. ನಾನು ಬಗ್ಗಿ ನೋಡ್ಲೂ ಇಲ್ಲ, ‘ಇದೆ ಗುರುಗಳೇ!’ ಅಂದೆ. ಗಂಟು ಜಾರೋದನ್ನ ಕಣ್ಣಾರೆ ಕಂಡೆ.

ಬೈಯಿರಿ! ಕೂದಲೆಳೆಗೆ ಬೀದಿಯೆಲ್ಲ ಕೇಳೋ ಹಾಗೆ ಬೈದೋರು, ಇದಕ್ಕೆ ಯಾಕೆ ಬೈಯಲ್ಲ? ಹೊಡೀರಿ, ಉಗೀರಿ, ಆಚೆಗೆ ಹಾಕಿ... ಗೋಡೆ ಕಡೆ ತಿರುಗ್ಬೇಡಿ!

ಸರಿ. ಬೈಬೇಡಿ. ಒಂದೇ ಒಂದ್ಸಲ, ಅವತ್ತು ಕೇಳಿದ ಹಾಗೆ ಕೇಳಿಬಿಡಿ. ‘ಗೇಣು ಇದೆಯೇನೋ’ ಅಂತ ಕೇಳಿ ಗುರುಗಳೇ. ಇಲ್ಲ ಅಂತೀನಿ. ಇಲ್ಲ, ಕಾಲಿಡ್ಬೇಡಿ ಅಂತೀನಿ.