ಆಫ್ ಮಾಡಬೇಡಿ

ಅದು ಬಾಂಬ್ ಇರಲಾರದು, ಬಾಂಬನ್ನು ಯಾರೂ ಬೆಡ್‌ಶೀಟಿನಲ್ಲಿ ಸುತ್ತಿ ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಳ್ಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ವನಗೂರಿನಿಂದ ಸಕಲೇಶಪುರಕ್ಕೆ ಹೊರಟ ಬಸ್ಸು. ಪಕ್ಕದ ಸೀಟಿನಲ್ಲಿದ್ದ ಗಂಡ-ಹೆಂಡತಿ ಇಬ್ಬರ ಮಡಿಲಿನಿಂದ ಬೀಪ್ ಬೀಪ್ ಎಂಬ ಸದ್ದು ಬರುತ್ತಲೇ ಇತ್ತು. ಬೆಡ್‌ಶೀಟು ಜಾರಿದಾಗ ಗೊತ್ತಾಯಿತು: ಆತನ ತೊಡೆಯ ಮೇಲೆ ಕಂಪ್ಯೂಟರಿನ ಸಿಪಿಯು, ಆಕೆಯ ತೊಡೆಯ ಮೇಲೆ ಅದಕ್ಕೆ ಕರೆಂಟು ಕೊಡುವ ಯುಪಿಎಸ್, ನಡುವೆ ಒಂದು ವೈರು.

“ಆಫ್ ಮಾಡಿ ತಂದಿದ್ರೆ ಏನಾಗ್ತಿತ್ತು ರೀ? ಜನ ಎಲ್ಲಾ ನೋಡ್ತಾವ್ರೆ.”

“ಅಪ್‌ಡೇಟ್ ಮುಗಿಯೋಗಂಟ ಆಫ್ ಮಾಡಬೇಡಿ ಅಂತ ಅದೇ ಬರೆದೈತೆ ಕಣೇ. ನಿನ್ನೆಯಿಂದ ಅರ್ಧಕ್ಕೇ ನಿಂತ್ಬುಟ್ಟೈತೆ.”

“ಅದನ್ನ ಒತ್ತು ಅಂದೋರ್ಯಾರು ನಿಮ್ಗೆ?”

“ಅದೇ ಕೇಳ್ತು. ದಿನಾ ಕೇಳ್ತಿತ್ತು. ಮರ್ವಾದೆಗೆ ಹೂಂ ಅಂದೆ.”

“ಚೈತ್ರನ ಕಾಲೇಜು ಪ್ರಾಜೆಕ್ಟ್ ಪೂರ್ತಿ ಇದ್ರೊಳಗೇ ಐತೆ. ಸಂಜೆ ಮಗಳು ಮನೆಗೆ ಬರ್ತಾಳೆ. ಹೋಗಿದ್ರೆ ನೀವೇ ಕೂತು ಬರೀರಿ.”

“ಸುಮ್ಕಿರು ಮಾರಾಯ್ತಿ, ರಿಪೇರಿಯೋನು ನೋಡ್ತಾನೆ. ನೀನು ಅಲ್ಲಾಡಿಸ್ಬ್ಯಾಡ.”

ಒಂದು ತಿರುವಿನಲ್ಲಿ ಬೀಪ್ ಸದ್ದು ಉದ್ದಕ್ಕೆ ಎಳೆದು ನಿಂತುಹೋಯಿತು. ಇಬ್ಬರೂ ಬಗ್ಗಿ ಕಿವಿಯಿಟ್ಟರು.

“ರೀ, ಕೂಗೋದು ನಿಲ್ಲಿಸ್ತು.”

“ಮುಗೀತು ಕಣೇ! ಅಪ್‌ಡೇಟ್ ಆಗೋಯ್ತು!”

“ಹಂಗಾರೆ ರಿಪೇರಿ ಅಂಗಡಿ ಯಾಕೆ?”

“ಹೌದಲ್ವಾ! ಹೋಲ್ಡಾನ್, ಹೋಲ್ಡಾನ್! ನಾವು ಇಲ್ಲೇ ಇಳೀತೀವಿ.”

ಅವರು ಇಳಿದು, ವಾಪಸ್ ಹೋಗುವ ಬಸ್ಸಿಗಾಗಿ ರಸ್ತೆಯ ಆಚೆ ಬದಿಗೆ ದಾಟಿದರು. ಆತ ಸಿಪಿಯುಗೆ ಮತ್ತೆ ಬೆಡ್‌ಶೀಟು ಹೊದಿಸುತ್ತಿದ್ದ. ಆಕೆ ನಗುತ್ತಿದ್ದಳು.

ಮುಗಿದದ್ದು ಯುಪಿಎಸ್‌ನ ಬ್ಯಾಟರಿ ಎಂದು ನಾನು ಅವರಿಗೆ ಹೇಳಲೇ ಇಲ್ಲ.