ಹ್ಯುಬ್ನರ್, ಗಿಬ್ನರ್, ಗುಬ್ನರ್

ಗಣಿಗಳ ಊರು ಕರಗಂಡಾದ ದಾಖಲೆ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಎಂಬತ್ತು ದಾಟಿದ ಎಮ್ಮಾ ಮತ್ತು ಆಕೆಯ ಮಗಳು ಲಿಡಿಯಾ ಇದ್ದರು. ಗುಮಾಸ್ತರ ಕಿಟಕಿಯಿಂದ ಲಿಡಿಯಾ ಕಾಗದ ಹಿಡಿದು ಮರಳಿದಳು.

"ಏನಂದ್ರು?" ಎಂದಳು ಎಮ್ಮಾ.

"ವೋಲ್ಗಾ ದಡದ ನಮ್ಮೂರ ಚರ್ಚಿನ ಪುಸ್ತಕದಲ್ಲಿ ತಾತ ಹ್ಯುಬ್ನರ್. ಜರ್ಮನ್ನರನ್ನೆಲ್ಲ ಅಲ್ಲಿಂದ ಇಲ್ಲಿಗೆ ಗಡೀಪಾರು ಮಾಡಿದ ಪಟ್ಟೀಲಿ ಗಿಬ್ನರ್. ಗಣಿಯಲ್ಲಿ ಸತ್ತೋರ ಪಟ್ಟೀಲಿ ಗುಬ್ನರ್."

"ಮೂರೂ ನಮ್ಮಪ್ಪನೇ ಕಣೇ! ರಷ್ಯನ್ನರ ಬಾಯಲ್ಲಿ 'ಹ್ಯು' ಹೊರಡುತ್ತಾ? 'ಗಿ' ಅಂತಾರೆ, 'ಗು' ಅಂತಾರೆ."

"ಮೂರು ಜನ ಅಂತಾರಮ್ಮಾ. ಜರ್ಮನಿ ಬಿಟ್ಟು ಬಂದ ಹಿರೀಕರ ತನಕ ವಂಶದ ಕೊಂಡಿ ಸೇರಲ್ವಂತೆ."

"ಗೋರಿ ಎಲ್ಲಿದೆಯಂತೆ?"

"ಗುಬ್ನರ್‌ದು ಇದೆಯಂತೆ. ನಾವು ಅವನ ಕಡೆಯೋರಲ್ಲ ಅಂತ ಜಾಗ ಹೇಳಲ್ಲ."

"ಉಳಿದಿಬ್ಬರು?"

"ಸತ್ತಿದ್ದಕ್ಕೆ ದಾಖಲೆ ಇಲ್ಲ."

"ಹಾಗಾದ್ರೆ ಆ ಇಬ್ಬರನ್ನೇ ಕೇಳು, ಮನೆಗೆ ಯಾಕೆ ಬರ್ಲಿಲ್ಲ ಅಂತ."

ಲಿಡಿಯಾ ತಾಯಿಯ ಕೋಟಿನ ಗುಂಡಿ ಹಾಕಿದಳು. ತೋಳು ಹಿಡಿದು ಮೆಟ್ಟಿಲಿಳಿಸಿಕೊಂಡು ಹೋದಳು.